ಕಳೆದ ವರ್ಷದ ಪಾಯಿನ್ಸೆಟಿಯಾಗೆ ಮತ್ತೆ ಕೆಂಪು ಬರಿಸುವುದು ಹೇಗೆ?

ಡಿಸೆಂಬರ್‌ನಲ್ಲಿ ಮನೆ ತುಂಬ ಕೆಂಪು ತಂದಿದ್ದ ಪಾಯಿನ್ಸೆಟಿಯಾ ಮಾರ್ಚ್ ಹೊತ್ತಿಗೆ ಎಲೆ ಉದುರಿಸಿಕೊಂಡು ನಾಲ್ಕು ಕಡ್ಡಿಯಾಗಿ ನಿಂತಿರುತ್ತದೆ. ಗಿಡ ಸತ್ತೇ ಹೋಯಿತು ಅಂತ ತುಂಬ ಜನ ಆಗಲೇ ಕಸಕ್ಕೆ ಹಾಕಿಬಿಡುತ್ತಾರೆ. ಅದು ಸತ್ತಿರುವುದಿಲ್ಲ. ತವರಾದ ಮೆಕ್ಸಿಕೊದಲ್ಲಿ ಇದು ಆಳೆತ್ತರ ಮೀರಿ ಬೆಳೆಯುವ, ವರ್ಷಗಟ್ಟಲೆ ಬದುಕುವ ಪೊದೆ. ಕುಂಡದಲ್ಲಿರುವುದೂ ಅದೇ ಜಾತಿ. ಮುಂದಿನ ಡಿಸೆಂಬರ್‌ಗೂ ಕೆಂಪಾಗಬಲ್ಲದು. ಅದಕ್ಕೆ ವಿಶೇಷ ಗೊಬ್ಬರ ಬೇಡ, ಟಾನಿಕ್ಕೂ ಬೇಡ. ಬೇಕಾಗಿರುವುದು ಕತ್ತಲೆ.

ನಾವು ಹೂವು ಅಂತ ಹೇಳುವ ಆ ಕೆಂಪು ದಳಗಳು ನಿಜಕ್ಕೂ ಎಲೆಗಳೇ. ಹೂವು ನೋಡಬೇಕಾದರೆ ಅವುಗಳ ನಡುವೆ ಬಗ್ಗಿ ನೋಡಬೇಕು. ಬಟಾಣಿಗಿಂತ ಚಿಕ್ಕದಾದ ಹಸಿರು ಗುಂಡುಗಳಿರುತ್ತವೆ. ಒಂದೊಂದರ ಮಗ್ಗುಲಿಗೂ ತುಟಿಯ ಆಕಾರದ ಹಳದಿ ಬಟ್ಟಲು, ಅದರಲ್ಲಿ ಹೊಳೆಯುವ ಒಂದು ಹನಿ ಮಕರಂದ. ಗಿಡ ಹೂ ಬಿಡಲು ಹೊರಟಾಗ ಮಾತ್ರ ಸುತ್ತಲಿನ ಎಲೆಗಳಿಗೆ ಬಣ್ಣ ಬರುತ್ತದೆ. ಹೂ ಬಿಡಿಸಿದರೆ ಕೆಂಪು ತಾನಾಗಿಯೇ ಬಂತು.

(ಇಲ್ಲಿ ಹೇಳಿರುವ ತಿಂಗಳುಗಳು ಉತ್ತರಾರ್ಧ ಗೋಳದ ಲೆಕ್ಕ. ದಕ್ಷಿಣಾರ್ಧದಲ್ಲಿ ಋತು ತಿರುಗುಮುರುಗು. ಅಲ್ಲಿ ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಜೂನ್, ಜುಲೈ ಸುಮಾರಿಗೆ ಕೆಂಪಾಗುತ್ತದೆ.)

ಮಾರ್ಚ್‌ವರೆಗೆ: ಉಳಿಸಿಕೊಳ್ಳಿ

ಕುಂಡಕ್ಕೆ ಸುತ್ತಿದ ಬಣ್ಣದ ಕಾಗದವನ್ನು ಮೊದಲು ಬಿಚ್ಚಿ. ಹಾಕಿದ ನೀರು ಅದರೊಳಗೇ ನಿಂತು ಬೇರು ಕೊಳೆಯುತ್ತದೆ. ಈ ಗಿಡ ಒಣಗಿ ಸಾಯುವುದಕ್ಕಿಂತ ನೀರು ಜಾಸ್ತಿಯಾಗಿ ಸಾಯುವುದೇ ಹೆಚ್ಚು. ಮೇಲಿನ ಮಣ್ಣು ಮುಟ್ಟಿದಾಗ ಒಣಗಿದ್ದರೆ ಮಾತ್ರ ನೀರು ಕೊಡಿ. ಬೆಳಕಿರುವ ಕಿಟಕಿಯ ಹತ್ತಿರ ಇಡಿ, ಚಳಿಗಾಳಿ ನೇರ ಹೊಡೆಯದಿದ್ದರೆ ಸಾಕು.

ಏಪ್ರಿಲ್: ಕತ್ತರಿ ಹಿಡಿಯಿರಿ

ಇಲ್ಲಿ ಕನಿಕರ ಬೇಡ. ಬುಡದಿಂದ 10ರಿಂದ 15 ಸೆಂಟಿಮೀಟರ್ ಬಿಟ್ಟು ಉಳಿದದ್ದನ್ನೆಲ್ಲ ಕತ್ತರಿಸಿ. ಒಂದೊಂದು ಕಡ್ಡಿಯಲ್ಲೂ ಎರಡು ಮೂರು ಗೆಣ್ಣು ಉಳಿದಿರಲಿ, ಹೊಸ ಚಿಗುರು ಬರುವುದು ಅಲ್ಲಿಂದಲೇ. ಅಯ್ಯೋ ಅಂತ ಅರ್ಧಂಬರ್ಧ ಕತ್ತರಿಸಿದರೆ ಬುಡ ಬೋಳಾಗಿ, ತುದಿಯಲ್ಲಿ ಮಾತ್ರ ಎಲೆ ಇರುವ ಉದ್ದನೆ ಗಿಡವಾಗುತ್ತದೆ.

ಕತ್ತರಿಸಿದ ಕಡೆ ಬಿಳಿ ಹಾಲು ಬರುತ್ತದೆ. ಕೆಲವರಿಗೆ ಅದು ತಾಗಿದರೆ ಚರ್ಮ ತುರಿಸುತ್ತದೆ, ಕಣ್ಣಿಗೆ ಬಿದ್ದರೆ ಉರಿ. ಕೈಗವಸು ಹಾಕಿಕೊಳ್ಳಿ. ಒಂದು ಎಲೆ ತಿಂದರೆ ಪ್ರಾಣವೇ ಹೋಗುತ್ತದೆ ಅನ್ನುವುದು ಮಾತ್ರ ಸುಮ್ನೆ ಹಬ್ಬಿದ ಮಾತು. ಹೊಟ್ಟೆ ಕೆಡಬಹುದು, ಆದ್ದರಿಂದ ಮಕ್ಕಳ, ನಾಯಿ ಬೆಕ್ಕುಗಳ ಬಾಯಿಗೆ ಸಿಗದ ಹಾಗೆ ಇಡಿ.

ಚಿಗುರು ಕಂಡ ಮೇಲೆ, ಮೇ ಸುಮಾರಿಗೆ, ಸ್ವಲ್ಪ ದೊಡ್ಡ ಕುಂಡಕ್ಕೆ ಬದಲಾಯಿಸಿ. ಸ್ವಲ್ಪ ಅಂದರೆ ಸ್ವಲ್ಪವೇ: ಅಗಲ 3ರಿಂದ 5 ಸೆಂಟಿಮೀಟರ್ ಹೆಚ್ಚಿದ್ದರೆ ಸಾಕು. ನೀರು ಸರಾಗವಾಗಿ ಬಸಿಯುವ ಹಗುರ ಮಣ್ಣು ಇರಲಿ. ಆಮೇಲೆ ಎರಡು ವಾರಕ್ಕೊಮ್ಮೆ ತೆಳುವಾಗಿ ಕರಗಿಸಿದ ಗೊಬ್ಬರದ ನೀರು ಕೊಟ್ಟರೆ ಆಯಿತು.

ಜೂನ್‌ನಿಂದ ಆಗಸ್ಟ್: ತುದಿ ಚಿವುಟಿ

ಗಿಡವನ್ನು ಹೊರಗೆ ಅರೆನೆರಳಿಗೆ ತನ್ನಿ. ಏಕಾಏಕಿ ಉರಿಬಿಸಿಲಿಗೆ ಇಟ್ಟರೆ ಎಲೆ ಸುಟ್ಟುಹೋಗುತ್ತದೆ. ಹೊಸ ಕೊಂಬೆ ಗೇಣುದ್ದ ಬೆಳೆಯುವ ಮೊದಲೇ ತುದಿ ಚಿವುಟಿ, ಕೊಂಬೆಯಲ್ಲಿ ಮೂರ್ನಾಲ್ಕು ಎಲೆ ಉಳಿಸಿ. ಒಂದು ತುದಿ ಹೋದ ಕಡೆ ಎರಡು ಮೂರು ಕವಲು ಬರುತ್ತವೆ. ಕವಲು ಹೆಚ್ಚಿದಷ್ಟೂ ಕೆಂಪು ಗೊಂಚಲು ಹೆಚ್ಚು. ಆಗಸ್ಟ್ ಮುಗಿದ ಮೇಲೆ ಚಿವುಟಬೇಡಿ, ಹೂ ಬಿಡಬೇಕಾದ ತುದಿಯನ್ನೇ ಕಿತ್ತ ಹಾಗಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಗಿಡ ಅಂಗಡಿಯಲ್ಲಿದ್ದಷ್ಟು ಕುಳ್ಳಗೆ, ಗುಂಡಗೆ ಇರುವುದಿಲ್ಲ. ಅದು ನಿಮ್ಮ ತಪ್ಪಲ್ಲ. ಮಾರಾಟಕ್ಕೆ ಬೆಳೆಸುವವರು ಸಾಮಾನ್ಯವಾಗಿ ಎತ್ತರ ತಡೆಯುವ ರಾಸಾಯನಿಕ ಬಳಸುತ್ತಾರೆ, ಎರಡನೇ ವರ್ಷಕ್ಕೆ ಅದರ ಪರಿಣಾಮ ಇರುವುದಿಲ್ಲ. ಇನ್ನೊಂದು ವಿಚಿತ್ರ ಗೊತ್ತಾ? ಕುಂಡದ ಪಾಯಿನ್ಸೆಟಿಯಾ ಅಷ್ಟೊಂದು ಕವಲೊಡೆಯುವುದಕ್ಕೆ ಕಾರಣ ಫೈಟೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸೋಂಕು. ಬೇಕೆಂದೇ ಉಳಿಸಿಕೊಂಡಿರುವ ಕಾಯಿಲೆ ಅದು!

ರಾತ್ರಿ ಚಳಿ 13 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಮುಂಚೆ ಗಿಡವನ್ನು ಒಳಗೆ ತನ್ನಿ. ತರುವಾಗ ಎಲೆ ಮಗುಚಿ ನೋಡಿ. ಬಿಳಿ ನೊಣ ಕೂರುವುದು ಅಡಿಭಾಗದಲ್ಲಿ. ಕಂಡರೆ ತೆಳು ಸೋಪಿನ ನೀರಿನಿಂದ ಒರೆಸಿ.

ಅಕ್ಟೋಬರ್ 1ರಿಂದ: ಕತ್ತಲೆ

ಕೆಲಸ ಕೆಡುವುದು ಇಲ್ಲೇ. ಪಾಯಿನ್ಸೆಟಿಯಾ ರಾತ್ರಿಯ ಉದ್ದ ಅಳೆಯುತ್ತದೆ. ಎಲೆಯಲ್ಲಿರುವ ಫೈಟೊಕ್ರೋಮ್ ಎಂಬ ವಸ್ತು ಬೆಳಕಿನಲ್ಲಿ ಒಂದು ರೂಪಕ್ಕೆ ಬರುತ್ತದೆ, ಕತ್ತಲಲ್ಲಿ ನಿಧಾನಕ್ಕೆ ಇನ್ನೊಂದಕ್ಕೆ ತಿರುಗುತ್ತದೆ. ನಡುವೆ ಲೈಟ್ ಹಾಕಿದರೆ ಮತ್ತೆ ಮೊದಲಿಂದ ಶುರು. ಅಂದರೆ ಒಟ್ಟು ಎಷ್ಟು ಗಂಟೆ ಕತ್ತಲಿತ್ತು ಅನ್ನುವುದಲ್ಲ, ಒಂದೇ ಸಮನೆ ಎಷ್ಟಿತ್ತು ಅನ್ನುವುದು ಮುಖ್ಯ.

ದಿನಾ ಸಂಜೆ 5ಕ್ಕೆ ಗಿಡದ ಮೇಲೆ ದೊಡ್ಡ ರಟ್ಟಿನ ಪೆಟ್ಟಿಗೆ ಬೋರಲು ಹಾಕಿ, ಬೆಳಗ್ಗೆ 7ಕ್ಕೆ ತೆಗೆಯಿರಿ. 14 ಗಂಟೆ ಆಯಿತು. ಹಾಕುವ ಮೊದಲು ಪೆಟ್ಟಿಗೆಯನ್ನು ಒಮ್ಮೆ ದೀಪದ ಕೆಳಗೆ ತಲೆ ಮೇಲೆ ಕವುಚಿಕೊಂಡು ನೋಡಿ. ಮೂಲೆಯಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೂ ಟೇಪ್ ಅಂಟಿಸಿ. ಹಗಲು ಕನಿಷ್ಠ 6 ಗಂಟೆ ಒಳ್ಳೆ ಬೆಳಕು ಬೇಕೇ ಬೇಕು. ಕತ್ತಲೆ ಬೇಕು ಅಂದರಲ್ವಾ ಅಂತ ಬೀರುವಿನೊಳಗಿಟ್ಟು ಮರೆತರೆ ಎಲೆಯೆಲ್ಲ ಉದುರುತ್ತದೆ. ರಾತ್ರಿ ಬಿಸಿ 16ರಿಂದ 20 ಡಿಗ್ರಿ ಇದ್ದರೆ ಒಳ್ಳೆಯದು. 24 ದಾಟಿದರೆ ಹೂ ತಡವಾಗುತ್ತದೆ.

ನೆಲದಲ್ಲಿ ನೆಟ್ಟ ಗಿಡಕ್ಕೆ ಪೆಟ್ಟಿಗೆ ಬೇಕಿಲ್ಲ, ರಾತ್ರಿ ಅಲ್ಲಿ ಯಾವ ದೀಪವೂ ಬೀಳದಿದ್ದರೆ. ಬೀದಿದೀಪದ ಪಕ್ಕದ ಗಿಡದಲ್ಲಿ ದೀಪದ ಕಡೆಯ ಕೊಂಬೆಗಳು ಹಸಿರಾಗಿಯೇ ಉಳಿದು, ಆಚೆ ಬದಿ ಕೆಂಪಾಗುವುದುಂಟು.

ಇದನ್ನು 8ರಿಂದ 10 ವಾರ ಮಾಡಬೇಕು. ಒಂದು ಸಂಜೆ ತಪ್ಪಿದರೆ ಎಲ್ಲ ಹಾಳಾಯಿತು ಅಂತ ಕೈಬಿಡಬೇಡಿ. ಹೂ ಸ್ವಲ್ಪ ಮುಂದೆ ಹೋಗುತ್ತದೆ, ಅಷ್ಟೇ. ಪದೇ ಪದೇ ತಪ್ಪಿದರೆ ಮಾತ್ರ ಆ ವರ್ಷ ಕೆಂಪಿನ ಆಸೆ ಬಿಡಿ. ಸಂಜೆ 5ಕ್ಕೆ ಮನೆಯಲ್ಲಿ ಯಾರೂ ಇರುವುದಿಲ್ಲ ಎನ್ನುವವರು ಹೊತ್ತು ಬದಲಾಯಿಸಿಕೊಳ್ಳಿ: ಸಂಜೆ 6ರಿಂದ ಬೆಳಗ್ಗೆ 8. ಅದೂ ಆಗದಿದ್ದರೆ ಹಸಿರು ಗಿಡವಾಗಿಯೇ ಇಟ್ಟುಕೊಳ್ಳಿ, ಹಾಗೂ ಚೆನ್ನಾಗಿಯೇ ಇರುತ್ತದೆ.

ನವೆಂಬರ್‌ನಲ್ಲಿ ತುದಿಯ ಎಲೆಗಳು ಅರ್ಧ ಹಸಿರು, ಅರ್ಧ ಕೆಂಪಾಗಿ ಕಾಣತೊಡಗುತ್ತವೆ. ಆಗಲೇ ಪೆಟ್ಟಿಗೆ ಎತ್ತಿಡಬೇಡಿ. ಬಣ್ಣ ಪೂರ್ತಿ ಏರಿದ ಮೇಲೆ ನಿಲ್ಲಿಸಿ, ಗೊಬ್ಬರವನ್ನೂ ಆಗಲೇ ನಿಲ್ಲಿಸಿ. ಕತ್ತಲೆ ಶುರು ಮಾಡಿದ್ದು ಅಕ್ಟೋಬರ್ ಕೊನೆಗಾದರೆ ಕ್ರಿಸ್‌ಮಸ್‌ಗೆ ಗಿಡ ಅರೆಗೆಂಪಾಗಿಯೇ ಇರುತ್ತದೆ. ಪೆಟ್ಟಿಗೆ ಮುಂದುವರಿಸಿ, ಜನವರಿಯಲ್ಲಿ ಪೂರ್ತಿ ಕೆಂಪಾಗುತ್ತದೆ.