ಮೊಸರು ಅಂತ ತಂದ ಡಬ್ಬಿ

ಆಫೀಸ್ ಕೆಲಸದ ಮೇಲೆ ಒಂದೂವರೆ ವರ್ಷ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೆ. ಹೋಗಿ ಇಳಿದದ್ದು ಶನಿವಾರ ಸಂಜೆ. ಭಾನುವಾರ ಅಂಗಡಿಗಳೆಲ್ಲ ಬಂದ್ ಅಂತ ಗೊತ್ತಾಗಿ, ಮುಚ್ಚೋ ಹೊತ್ತಿಗೆ ಸೂಪರ್‌ಮಾರ್ಕೆಟ್‌ಗೆ ಓಡಿದೆ. ಫ್ರಿಜ್‌ನಲ್ಲಿ ಬೆಳ್ಳಗಿನ ಅರ್ಧ ಕೆಜಿ ಡಬ್ಬಿ, ಮೇಲೆ 'ಮಾಗರ್‌ಕ್ವಾರ್ಕ್' ಅಂತ ಬರೆದಿತ್ತು. ಹೆಸರು ಏನಾದರೂ ಇರಲಿ, ಮೊಸರೇ ತಾನೇ ಅಂತ ತಂದು ಬಿಸಿ ಅನ್ನಕ್ಕೆ ಬಗ್ಗಿಸಿದೆ. ಬೀಳಲೇ ಇಲ್ಲ. ಕೆರೆದು ಹಾಕಿದರೆ ಗೋಡೆಗೆ ಮೆತ್ತೋ ಪುಟ್ಟಿ ಥರ ಅನ್ನಕ್ಕೂ ಅಂಟಿತು, ಅಂಗುಳಿಗೂ ಅಂಟಿತು.

ಮಾರನೇ ದಿನ ಹನುಮಂತನಗರದಿಂದ ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ, "ಬಟ್ಟೇಲಿ ಕಟ್ಟಿ ನೇತುಹಾಕಿದ ಮೊಸರಿನ ಹಾಗಿದೆ ಕಣೋ. ಸಕ್ಕರೆ, ಏಲಕ್ಕಿ ಹಾಕಿ ಕಲಸು" ಅಂದಳು. ಒಳ್ಳೇ ಶ್ರೀಖಂಡವೇ ಆಯ್ತು. ಅವಳ ಊಹೆ ಬಹುಪಾಲು ಸರಿ: ಹಾಲನ್ನು ಹುಳಿ ಬರಿಸಿ, ನೀರು ಬಸಿದು ತೆಗೆದ ಹಸಿ ಚೀಸ್ ಅದು. 'ಮಾಗರ್' ಅಂದರೆ ಕೊಬ್ಬು ತೆಗೆದದ್ದು. ಹೆಪ್ಪಿನ ಜೊತೆ ಹಾಲನ್ನು ಗಟ್ಟಿ ಮಾಡೋ 'ಲಾಬ್' ಅನ್ನೋದನ್ನೂ ಒಂಚೂರು ಹಾಕೋದುಂಟು. ಹಳೇ ಪದ್ಧತಿಯ ಲಾಬ್ ಕರುವಿನ ಹೊಟ್ಟೆಯಿಂದ ಬರುತ್ತೆ, ಸೂಕ್ಷ್ಮಜೀವಿಗಳಿಂದ ಮಾಡಿದ್ದೂ ಇದೆ. ಇದನ್ನು ಅಮ್ಮನಿಗೆ ಹೇಳೋ ಧೈರ್ಯ ಮಾಡಲಿಲ್ಲ. ನಮ್ಮ ಹಸಿರು ಚುಕ್ಕೆ ಅಲ್ಲಿಲ್ಲವಲ್ಲ, ಹಳದಿ ಬಿಲ್ಲೆಯಲ್ಲಿ ಹಸಿರು 'ವಿ' ಇರೋ ಡಬ್ಬಿಗಳನ್ನು ಹುಡುಕತೊಡಗಿದೆ. 'ಗೆಲಾಟೀನೆ', ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯೋ ಜೆಲಟಿನ್, ಅನ್ನೋ ಪದ ಕಂಡರೆ ವಾಪಸ್ ಇಡೋದು. ಕೆಲವು ಸಿಹಿ ಮೊಸರಿನ ಕಪ್‌ಗಳಲ್ಲೂ ಅದಿರುತ್ತೆ.

ರವೆ ಸಿಕ್ಕಿದ್ದು ಮಾತ್ರ ನನ್ನ ಕಿವಿಯಿಂದ. ಹಿಟ್ಟಿನ ಸಾಲಿನಲ್ಲಿ ಪೊಟ್ಟಣ ಎತ್ತಿ ಅಲ್ಲಾಡಿಸಿದರೆ ಮೈದಾ ಸದ್ದು ಮಾಡಲ್ಲ, ಇದು ಸರಸರ ಅಂದಿತು. ಹೆಸರು 'ಗ್ರೀಸ್'! ಗ್ಯಾರೇಜಿನ ಗ್ರೀಸ್ ನೆನಪಾಗಿ ಒಬ್ಬನೇ ನಕ್ಕೆ. ಮೊದಲ ಸಲ ಹುರಿಯದೆ ನೀರಿಗೆ ಸುರಿದು ಉಪ್ಪಿಟ್ಟು ಅಂಟಿನ ಮುದ್ದೆ ಆಯ್ತು. ಎರಡನೇ ಸಲ ಬೆಣ್ಣೆಯಲ್ಲಿ ಘಮ್ ಅನ್ನೋವರೆಗೆ ಹುರಿದೆ, ನೀರೂ ಕಮ್ಮಿ ಮಾಡಿದೆ. ಅವತ್ತು ಫ್ಲ್ಯಾಟಿನ ಪಕ್ಕದ ರೂಮಿನವನೂ ತಟ್ಟೆ ಹಿಡಿದು ಬಂದ. ಪೊಟ್ಟಣದ ಮೇಲೆ 'ವೈಖ್' ಅಂದರೆ ಮೆತ್ತಗಿನ ಗೋಧಿ, 'ಹಾರ್ಟ್' ಅಂದರೆ ಪಾಸ್ತಾ ಮಾಡೋ ಗಟ್ಟಿ ಗೋಧಿ. ಉಪ್ಪಿಟ್ಟು ಉದುರುದುರಾಗಿ ಬೇಕಿದ್ದರೆ ಎರಡನೆಯದೇ ವಾಸಿ ಅಂತ ನನ್ನ ಅಭಿಪ್ರಾಯ.

ಬುಟ್ಟರ್‌ಮಿಲ್ಖ್ ನಮ್ಮ ಮಜ್ಜಿಗೆಗಿಂತ ಮಂದ, ನೀರು ಬೆರೆಸಿ ಶುಂಠಿ ಜಜ್ಜಿ ಹಾಕಿದರೆ ಸಾಕು.

ತರಕಾರಿ ಸಾಲಿನಲ್ಲಿ 'ಕೋಲ್‌ರಾಬಿ' ಅಂತ ಬೋರ್ಡ್ ನೋಡಿ ಏನೋ ಹೊಸದು ಅಂತ ಬಗ್ಗಿದರೆ, ಗಾಂಧಿಬಜಾರಿನ ನವಿಲುಕೋಸು! ತೂಕಕ್ಕಲ್ಲ, ಒಂದೊಂದಕ್ಕೆ ಇಷ್ಟು ಅಂತ ಬೆಲೆ. ಹುಳಿಗೆ ತರೋಣ ಅಂತ ಕೈ ಹಾಕಿದರೆ, ಪಕ್ಕದಲ್ಲಿದ್ದ ಅಜ್ಜಿ ಎಲೆ ಹಿಡಿದೆಳೆದು ತೋರಿಸಿ, ಬಾಡಿರೋದು ಬಿಟ್ಟು ಇದನ್ನ ತಗೋ ಅಂತ ಸನ್ನೆ ಮಾಡಿದರು. ಅವರು ಅದನ್ನು ಹಸಿಯಾಗೇ ಸೀಳಿ, ಉಪ್ಪು ಹಚ್ಚಿ ತಿನ್ನುತ್ತಾರಂತೆ.

ಈಗ ಬೆಂಗಳೂರಿನಲ್ಲಿ ಹುಳಿಗೆ ಹೆಚ್ಚುವಾಗ ಎರಡು ಸೀಳು ನಾನು ಎತ್ತಿಕೊಳ್ತೀನಿ. "ಹಸೀದು ಯಾಕೋ, ಹೊಟ್ಟೆನೋವು ಬರುತ್ತೆ" ಅಂತ ಅಮ್ಮ ಬೈತಾನೇ ಉಪ್ಪಿನ ಡಬ್ಬಿ ಈಚೆಗೆ ತಳ್ತಾಳೆ.