ಮಣ್ಣಿನ ಚೀಟಿಯಿಂದ ರಾಗಿ ತೆನೆಯವರೆಗೆ: ಕೃಷಿ ಶಿಫಾರಸನ್ನು ಊರಿಗೆಲ್ಲ ಮುಟ್ಟಿಸುವುದು ಹೇಗೆ?

ಸಂಶೋಧನಾ ಕೇಂದ್ರದಲ್ಲಿ ಸಿದ್ಧವಾದ ಒಳ್ಳೆಯ ಬೇಸಾಯ ಕ್ರಮ ಊರಿನ ಹೊಲಕ್ಕೆ ಬರಲು ವರ್ಷಗಟ್ಟಲೆ ಹಿಡಿಯುತ್ತದೆ. ಎಷ್ಟೋ ಸಲ ಬರುವುದೇ ಇಲ್ಲ. ಇದಕ್ಕೆ ರೈತರ ಹಿಂಜರಿಕೆಯನ್ನು ದೂರುವುದು ರೂಢಿಯಾಗಿಬಿಟ್ಟಿದೆ. ಆದರೆ ಅಧಿಕಾರಿ ಹೇಳಿದ ಗೊಬ್ಬರ ಬಿತ್ತನೆಯ ವೇಳೆಗೆ ಹೋಬಳಿಗೆ ಬಂದಿರದಿದ್ದರೆ ರೈತರು ಮಾಡುವುದಾದರೂ ಏನು? ವಿಜ್ಞಾನಿ, ಇಲಾಖೆ, ಅಂಗಡಿ, ರೈತ ಈ ನಾಲ್ವರ ನಡುವಿನ ಕೊಂಡಿಗಳನ್ನು ಬೆಸೆಯಲು ಹೊರಟ ದೊಡ್ಡ ಪ್ರಯತ್ನವೊಂದು ನಮ್ಮ ರಾಜ್ಯದಲ್ಲಿಯೇ ನಡೆದಿದೆ. 2009ರಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಹಾವೇರಿ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಆರಂಭವಾಗಿ ಅನಂತರ ರಾಜ್ಯದಾದ್ಯಂತ ವಿಸ್ತರಿಸಿದ ‘ಭೂಚೇತನ’ ಯೋಜನೆಯಲ್ಲಿ ಕೃಷಿ ಇಲಾಖೆ, ಕೃಷಿ ವಿಶ್ವವಿದ್ಯಾಲಯಗಳು ಹಾಗೂ ಒಣಭೂಮಿ ಬೆಳೆಗಳ ಕುರಿತು ಸಂಶೋಧನೆ ನಡೆಸುವ, ಹೈದರಾಬಾದಿನ ಬಳಿಯ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್ ಒಟ್ಟಾಗಿ ಕೆಲಸ ಮಾಡಿದವು. ಮಳೆಯಾಶ್ರಿತ ಬೆಳೆಗಳ ಇಳುವರಿಯನ್ನು ನಾಲ್ಕು ವರ್ಷಗಳಲ್ಲಿ ಶೇ 20ರಷ್ಟು ಹೆಚ್ಚಿಸುವುದು ಅದರ ಗುರಿಯಾಗಿತ್ತು. ಆ ಅನುಭವವನ್ನು ಆಧರಿಸಿ, ಒಂದು ಊರಿನವರು ಅಥವಾ ರೈತ ಉತ್ಪಾದಕ ಸಂಸ್ಥೆಯವರು ಇದೇ ದಾರಿಯಲ್ಲಿ ಹೇಗೆ ನಡೆಯಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹೆಜ್ಜೆ 1: ಕೊರತೆ ಏನೆಂದು ಊರವರೇ ಕಂಡುಕೊಳ್ಳಲಿ

ರಾಜ್ಯದ ಹೊಲಗಳಿಂದ ತೆಗೆದ 90,000ಕ್ಕೂ ಹೆಚ್ಚು ಮಣ್ಣಿನ ಮಾದರಿಗಳ ಪರೀಕ್ಷೆಯಲ್ಲಿ ಕಂಡುಬಂದದ್ದು ಗಂಧಕ, ಸತು (ಜಿಂಕ್) ಮತ್ತು ಬೋರಾನ್ ಎಂಬ ಪೋಷಕಾಂಶಗಳ ವ್ಯಾಪಕ ಕೊರತೆ. ಯೂರಿಯಾ, ಡಿಎಪಿ ಎಷ್ಟು ಸುರಿದರೂ ಈ ಕೊರತೆ ನೀಗುವುದಿಲ್ಲ. ಪ್ರತಿ ಹೊಲದ ಮಣ್ಣನ್ನೂ ತೆಗೆಯಬೇಕಾಗಿಲ್ಲ. ದಿಣ್ಣೆ, ನಡುಭಾಗ ಮತ್ತು ತಗ್ಗಿನ ಹೊಲಗಳು, ಸಣ್ಣ ಮತ್ತು ದೊಡ್ಡ ಹಿಡುವಳಿಗಳು, ಬೇರೆ ಬೇರೆ ಬೆಳೆಗಳು ಪ್ರತಿನಿಧಿಸಲ್ಪಡುವಂತೆ ಊರ ಸಭೆಯಲ್ಲಿಯೇ ಹೊಲಗಳನ್ನು ಆರಿಸಿಕೊಳ್ಳಬೇಕು.

ಮಣ್ಣು ತೆಗೆಯುವ ಕೆಲಸಕ್ಕೆ ಬೇಸಿಗೆಯೇ ಸರಿಯಾದ ಕಾಲ. ಒಂದು ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತಾ ಎಂಟು ಹತ್ತು ಕಡೆ ಆರು ಅಂಗುಲ ಆಳದ ಗುಂಡಿ ತೋಡಿ, ಅದರ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಪದರ ಮಣ್ಣನ್ನು ಕೆರೆದು ತೆಗೆಯಬೇಕು. ಬದುವಿನ ಪಕ್ಕ, ಮರದ ನೆರಳು, ತಿಪ್ಪೆ ಹಾಕಿದ್ದ ಜಾಗ ಇವನ್ನು ಬಿಡಬೇಕು. ಎಲ್ಲವನ್ನೂ ಕಲಸಿ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ತೆಗೆದುಹಾಕುತ್ತಾ ಅರ್ಧ ಕಿಲೋ ಉಳಿಯುವವರೆಗೆ ಹೀಗೆಯೇ ಮಾಡಿ ನೆರಳಿನಲ್ಲಿ ಒಣಗಿಸಬೇಕು. ಮಣ್ಣು ಕಲಸಲು ಪ್ಲಾಸ್ಟಿಕ್ ಬಕೆಟ್ ಬಳಸಿ. ಸತುವಿನ ಲೇಪವಿರುವ ತಗಡಿನ ಬಕೆಟ್ಟಿನಿಂದ ಸತು ಮಣ್ಣಿಗೆ ಸೇರಿ, ಇರುವ ಕೊರತೆ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಹಳೆಯ ಗೊಬ್ಬರದ ಚೀಲದಲ್ಲಿ ಮಾದರಿ ಕಳುಹಿಸಿದರೂ ಇಂಥದ್ದೇ ತಪ್ಪಾಗುತ್ತದೆ.

ಹೆಜ್ಜೆ 2: ಯಾರ ಕೆಲಸ ಯಾವುದು ಎಂದು ಬರೆದಿಡಿ

ಏಪ್ರಿಲ್‌ನಲ್ಲಿಯೇ ಒಂದು ಸಭೆ ಸೇರಿಸಿ. ರೈತ ಸಂಪರ್ಕ ಕೇಂದ್ರದ ಅಧಿಕಾರಿ, ಕೃಷಿ ವಿಜ್ಞಾನ ಕೇಂದ್ರದ ತಜ್ಞರು, ಸಹಕಾರ ಸಂಘದ ಕಾರ್ಯದರ್ಶಿ, ಗ್ರಾಮ ಪಂಚಾಯಿತಿಯವರು, ಸ್ತ್ರೀಶಕ್ತಿ ಸಂಘದವರು ಇರಲೇಬೇಕು. ಗೊಬ್ಬರದಂಗಡಿಯವರನ್ನೂ ಕರೆಯಿರಿ. ರೋಗ ಬಂದಾಗ ಬಹಳಷ್ಟು ರೈತರು ಮೊದಲು ಕೇಳುವುದು ಅವರನ್ನೇ; ಅವರು ಒಂದು ಹೇಳಿ ಇಲಾಖೆ ಇನ್ನೊಂದು ಹೇಳಿದರೆ ಯೋಜನೆ ಅಲ್ಲಿಗೇ ನಿಲ್ಲುತ್ತದೆ. ಕಳೆ ಕೀಳುವುದು, ಬೀಜ ಕಾಪಿಡುವುದು ಹೆಣ್ಣುಮಕ್ಕಳ ಕೈಯಲ್ಲೇ ಇರುವಾಗ ಅವರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ ನಡೆಸುವ ಸಭೆಗಳನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಹೆಜ್ಜೆ 3: ಮಳೆಗಿಂತ ಮೊದಲು ಚೀಲ ಬರಲಿ

ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಗಟ್ಟಿತನ ಪರೀಕ್ಷೆಗೊಳಗಾಗುವುದು ಇಲ್ಲಿಯೇ. ಭೂಚೇತನದಲ್ಲಿ ಗಂಧಕ ಒದಗಿಸುವ ಜಿಪ್ಸಮ್, ಸತುವಿನ ಸಲ್ಫೇಟ್ ಮತ್ತು ಬೋರಾನ್ ಗೊಬ್ಬರಗಳನ್ನು ಶೇ 50ರ ಸಹಾಯಧನದಲ್ಲಿ ರೈತ ಸಂಪರ್ಕ ಕೇಂದ್ರಗಳ ಮೂಲಕ ಕೊಡಲಾಯಿತು. ಇವು ಕೊನೆಯ ಉಳುಮೆಯ ಸಮಯಕ್ಕೆ ಮಣ್ಣಿಗೆ ಸೇರಬೇಕಾದವು. ರಾಗಿ ಬಿತ್ತಿ ಹದಿನೈದು ದಿನಗಳಾದ ಮೇಲೆ ಬಂದ ಚೀಲದಿಂದ ಆ ವರ್ಷಕ್ಕೆ ಹೆಚ್ಚಿನ ಪ್ರಯೋಜನವಿಲ್ಲ. ಆದ್ದರಿಂದ ಎಷ್ಟು ಎಕರೆಗೆ ಎಷ್ಟು ಚೀಲ ಬೇಕೆಂಬ ಬೇಡಿಕೆಪಟ್ಟಿಯನ್ನು ಸಭೆಯ ದಿನವೇ ಸಿದ್ಧಪಡಿಸಿ, ದಾಸ್ತಾನು ಎಲ್ಲಿಡುವುದು, ಬಾಡಿಗೆ ಯಾರು ಕೊಡುವುದು ಎಂಬುದನ್ನೂ ತೀರ್ಮಾನಿಸಿ. ಬೋರಾನ್ ವಿಷಯದಲ್ಲಿ ಎಚ್ಚರ ಅಗತ್ಯ. ಹೆಕ್ಟೇರಿಗೆ ಬೇಕಾಗುವ ಬೋರಾನ್ ಅರ್ಧ ಕಿಲೋದಷ್ಟು ಮಾತ್ರ. ಹೆಚ್ಚಾದರೆ ಬೆಳೆಗೆ ವಿಷವಾಗುತ್ತದೆ. ಆದ್ದರಿಂದ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಬರೆದಿರುವ ಪ್ರಮಾಣವನ್ನು ಮೀರದೆ, ಒಣ ಮಣ್ಣಿನಲ್ಲಿ ಬೆರೆಸಿ ಸಮನಾಗಿ ಎರಚಬೇಕು.

ಹೆಜ್ಜೆ 4: ಅದೇ ಹೊಲದಲ್ಲಿ ಹೋಲಿಕೆ

ಭೂಚೇತನದಲ್ಲಿ ಸುಮಾರು 500 ಹೆಕ್ಟೇರಿಗೆ ಒಬ್ಬ ರೈತ ಅನುವುಗಾರರಿದ್ದರು, ಎಂದರೆ ಶಿಫಾರಸನ್ನು ರೈತರಿಗೆ ತಲುಪಿಸಿ ನೆರವಾಗುವವರು. ಅವರೂ ಅದೇ ಸೀಮೆಯವರು. ಶಿಫಾರಸುಗಳನ್ನು ಊರಿನ ಗೋಡೆಗಳ ಮೇಲೆ ಬರೆಸಲಾಯಿತು. 1989ರಲ್ಲಿ ಇಂಡೊನೇಷ್ಯಾದ ಭತ್ತದ ಗದ್ದೆಗಳಲ್ಲಿ ಹುಟ್ಟಿದ ರೈತ ಕ್ಷೇತ್ರ ಪಾಠಶಾಲೆಯ, ಅಂದರೆ ರೈತರು ಹೊಲದಲ್ಲೇ ಗಮನಿಸಿ ಕಲಿಯುವ ಕ್ರಮವನ್ನೂ ಇಲ್ಲಿ ಅಳವಡಿಸಿಕೊಳ್ಳಲಾಯಿತು. ನೀವು ಮಾಡಬೇಕಾದುದು ಇಷ್ಟು: ಒಪ್ಪಿಕೊಂಡ ರೈತರ ಹೊಲದಲ್ಲಿ ಒಂದು ಪಟ್ಟಿಗೆ (ಉದ್ದನೆಯ ತುಂಡು ನೆಲಕ್ಕೆ) ಹೊಸ ಕ್ರಮ, ಪಕ್ಕದ ಪಟ್ಟಿಗೆ ಎಂದಿನ ಕ್ರಮ; ತಳಿ, ಬಿತ್ತನೆಯ ದಿನ, ಕಳೆ ತೆಗೆಯುವ ದಿನ ಎರಡಕ್ಕೂ ಒಂದೇ. ತೆನೆ ಬಲಿತಾಗ ಅಕ್ಕಪಕ್ಕದ ಊರಿನವರನ್ನು ಕರೆದು ಕ್ಷೇತ್ರೋತ್ಸವ ಮಾಡಿ, ಮಾತನಾಡುವ ಅವಕಾಶವನ್ನು ಆ ಹೊಲದ ರೈತರಿಗೇ ಕೊಡಿ.

ಹಾವೇರಿ ಸೀಮೆಯ ಗುಳಿ ರಾಗಿ ಪದ್ಧತಿಯಂತೆ ರೈತರದೇ ಆದ ಜ್ಞಾನ ಊರಿನಲ್ಲಿದ್ದರೆ ಅದಕ್ಕೂ ಒಂದು ಪಟ್ಟಿ ಮೀಸಲಿಡಿ. ಗುಳಿಯಲ್ಲಿ ನಾಟಿ ಮಾಡಿದ ಪೈರಿನ ಮೇಲೆ ಕೊರಡು (ಮರದ ದಿಮ್ಮಿ) ಎಳೆದು ತೆಂಡೆ, ಅಂದರೆ ಬುಡದಿಂದ ಒಡೆಯುವ ಕವಲುಗಳನ್ನು ಹೆಚ್ಚಿಸುವ ಆ ಉಪಾಯ ಯಾವ ಪ್ರಯೋಗಾಲಯದಿಂದಲೂ ಬಂದದ್ದಲ್ಲ. ವಿಜ್ಞಾನಿಗಳು ನಮ್ಮ ಹೊಲಗಳಿಂದ ಕಲಿಯಬೇಕಾದುದೂ ಬಹಳವಿದೆ.

ಹೆಜ್ಜೆ 5: ತೂಕ ಮಾಡಿ, ಬರೆದಿಡಿ

ಕಟಾವಿನ ದಿನ ಎರಡೂ ಪಟ್ಟಿಗಳಲ್ಲಿ ಐದು ಮೀಟರ್ ಉದ್ದಗಲದ ಚೌಕ ಗುರುತಿಸಿ, ಕೊಯ್ದು, ಒಕ್ಕಿ, ಒಣಗಿಸಿ, ಎಲ್ಲರೆದುರು ತೂಗಬೇಕು. ಖರ್ಚನ್ನೂ ಅದೇ ಹಾಳೆಯಲ್ಲಿ ಬರೆಯಬೇಕು. ಇಳುವರಿ ಹೆಚ್ಚಿದರೂ ಕೈಗೆ ಉಳಿಯುವುದು ಹೆಚ್ಚಾಗದಿದ್ದರೆ ಅದನ್ನು ಮುಚ್ಚಿಡಬಾರದು. ಈ ಲೆಕ್ಕವನ್ನು ಮುಂದಿನ ಏಪ್ರಿಲ್ ಸಭೆಯಲ್ಲಿ ಎಲ್ಲರೆದುರು ಓದಿ ಹೇಳಿ, ಆ ವರ್ಷದ ಬೇಡಿಕೆಪಟ್ಟಿಯನ್ನು ಅದರ ಆಧಾರದ ಮೇಲೆಯೇ ತಯಾರಿಸಬೇಕು. ಸತು ಮಣ್ಣಿನಲ್ಲಿ ಒಂದಕ್ಕಿಂತ ಹೆಚ್ಚು ಬೆಳೆಗಳಿಗೆ ಒದಗುವುದರಿಂದ ಅದನ್ನು ಪ್ರತಿ ವರ್ಷವೂ ಹಾಕುವ ಮೊದಲು ತಜ್ಞರನ್ನು ಕೇಳಿ, ಮೂರು ವರ್ಷಕ್ಕೊಮ್ಮೆ ಮಣ್ಣನ್ನು ಮತ್ತೆ ಪರೀಕ್ಷೆಗೆ ಕಳುಹಿಸಿ.