ತಜ್ಞರು ಊರಿಗೆ ಬಂದಾಗ ಸುಮ್ನೆ ಕೂರಬೇಡಿ, ಇವನ್ನು ಕೇಳಿ

ಕಲಬುರಗಿಗೂ ಸಮುದ್ರಕ್ಕೂ ಏನು ಸಂಬಂಧ ಅಂತ ನಗಬೇಡಿ. ಕರಾವಳಿಯಲ್ಲಿ ವಿಜ್ಞಾನಿಗಳ ಸಲಹೆ ಹೇಗೆ ನಡೆಯುತ್ತದೆ ಅಂತ ಗೊತ್ತಿದ್ದರೆ ಭೀಮಾ ದಂಡೆಯ ಊರಿನವರಿಗೆ ತುಂಬಾ ಉಪಯೋಗ. ನನಗೆ ಇದು ತಡವಾಗಿ ಗೊತ್ತಾಯಿತು. ನಮ್ಮೂರಲ್ಲಿ ಹೊಳೆ ದಂಡೆ ಕುಸಿಯುತ್ತಿತ್ತು. ಒಬ್ಬ ತಜ್ಞರು ಬಂದರು, ಅರ್ಧ ಗಂಟೆ ಮಾತಾಡಿದರು, ಚಹಾ ಕುಡಿದು ಹೋದರು. ಆಮೇಲೆ ಪಂಚಾಯಿತಿ ಠರಾವಿನಲ್ಲಿ "ತಜ್ಞರು ಒಪ್ಪಿದ್ದಾರೆ" ಅಂತ ಬರೆದರು. ಏನನ್ನು ಒಪ್ಪಿದರು ಅಂತ ಕೇಳಿದರೆ ಇವತ್ತಿಗೂ ಯಾರೂ ಬಾಯಿ ಬಿಡುವುದಿಲ್ಲ.

ಮೊದಲು ಅಳತೆ ಬೇರೆ, ತೀರ್ಮಾನ ಬೇರೆ ಅಂತ ತಲೆಯಲ್ಲಿ ಇಟ್ಟುಕೊಳ್ಳಿ. ಕರಾವಳಿಯ ಸಿಆರ್‌ಝಡ್ ನಿಯಮವನ್ನೇ ನೋಡಿ, ಅಂದರೆ ಸಮುದ್ರ ದಂಡೆಯಲ್ಲಿ ಎಲ್ಲಿ ಏನು ಕಟ್ಟಬಹುದು ಅಂತ ಹೇಳುವ ಕರಾವಳಿ ನಿಯಂತ್ರಣ ವಲಯದ ನಿಯಮ. ಉಬ್ಬರದ ನೀರು ಎಲ್ಲಿವರೆಗೆ ಬರುತ್ತದೆ ಅಂತ ಅಳೆದು ಗೆರೆ ಎಳೆಯುವುದು ವಿಜ್ಞಾನಿಗಳ ಕೆಲಸ. ಆ ಗೆರೆಯಿಂದ ಎಷ್ಟು ಮೀಟರ್ ಜಾಗ ಬಿಡಬೇಕು ಅನ್ನುವುದು ಸರ್ಕಾರದ ತೀರ್ಮಾನ. 2011ರ ಅಧಿಸೂಚನೆಯಲ್ಲಿ ಹಳ್ಳಿ ಕಡೆ 200 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿರಲಿಲ್ಲ. 2019ರಲ್ಲಿ, ಚದರ ಕಿಲೋಮೀಟರಿಗೆ 2,161ಕ್ಕಿಂತ ಜಾಸ್ತಿ ಜನ ಇರುವ ಕಡೆ ಅದನ್ನು 50 ಮೀಟರಿಗೆ ಇಳಿಸಿದರು. ಸಮುದ್ರವೇನೂ 150 ಮೀಟರ್ ಹಿಂದೆ ಸರಿದಿರಲಿಲ್ಲ, ಅಲ್ವಾ? ತೀರ್ಮಾನ ಬದಲಾಯಿತು, ಅಷ್ಟೇ. ಅದು ಸರಿಯೋ ತಪ್ಪೋ ಅಂತ ಜಗಳ ಆಡಬಹುದು, ಆದರೆ ಆ ಜಗಳ ಆಡಬೇಕಾದದ್ದು ತೀರ್ಮಾನ ಮಾಡಿದವರ ಜೊತೆ. ಹಾಗಾಗಿ ತಜ್ಞರು ಏನೇ ಹೇಳಲಿ, "ಸರ್, ಇದು ನೀವು ಅಳೆದದ್ದಾ, ನಿಮ್ಮ ಅಭಿಪ್ರಾಯವಾ?" ಅಂತ ಕೇಳಿಬಿಡಿ. ಒಳ್ಳೆಯ ತಜ್ಞರು ಬೇಜಾರು ಮಾಡಿಕೊಳ್ಳುವುದಿಲ್ಲ. ಖುಷಿಪಡುತ್ತಾರೆ.

ಆಮೇಲೆ ಎಷ್ಟು ವರ್ಷದ ಲೆಕ್ಕ ಇಟ್ಟುಕೊಂಡಿದ್ದಾರೆ ಅಂತ ಕೇಳಿ. 2020ರ ಅಕ್ಟೋಬರ್ ನೆರೆ ಅದರಲ್ಲಿ ಸೇರಿದೆಯಾ? ಭೀಮೆಗೆ ನೀರು ಬರುವುದು ನಮ್ಮ ಮಳೆಯಿಂದ ಮಾತ್ರ ಅಲ್ಲ, ಸೊಲ್ಲಾಪುರ ಕಡೆ ಉಜನಿ ಡ್ಯಾಮಿನ ಗೇಟು ಎತ್ತಿದರೂ ಬರುತ್ತದೆ, ಅದು ಲೆಕ್ಕದಲ್ಲಿದೆಯಾ?

"ನೂರು ವರ್ಷಕ್ಕೊಮ್ಮೆ ಬರುವ ನೆರೆ" ಅಂದರೆ ಜನ ಸಮಾಧಾನ ಮಾಡಿಕೊಂಡು ಎದ್ದು ಹೋಗುತ್ತಾರೆ. ಈಗಷ್ಟೇ ಬಂದು ಹೋಯಿತು, ಇನ್ನು ಮೊಮ್ಮಕ್ಕಳ ಕಾಲಕ್ಕೆ ಅಂತ. ಅದರ ಅರ್ಥ ಅದಲ್ಲ. ಪ್ರತಿ ವರ್ಷವೂ ಅಷ್ಟು ದೊಡ್ಡ ನೆರೆ ಬರುವ ಸಾಧ್ಯತೆ ನೂರಕ್ಕೆ ಒಂದು. ಬರುವ ವರ್ಷವೇ ಇನ್ನೊಂದು ಬರಬಹುದು. ನೀವು 30 ವರ್ಷದ ಸಾಲ ಮಾಡಿ ದಂಡೆಯಲ್ಲಿ ಮನೆ ಕಟ್ಟಿದರೆ, ಸಾಲ ತೀರುವುದರೊಳಗೆ ಒಮ್ಮೆಯಾದರೂ ಅಂಥ ನೆರೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 26. ನಾಲ್ಕರಲ್ಲಿ ಒಂದು ಪಾಲು! ಇದನ್ನು ಬಿಡಿಸಿ ಹೇಳಿ ಅಂತ ತಜ್ಞರಿಗೆ ದುಂಬಾಲು ಬೀಳಿ.

ತಡೆಗೋಡೆ ಮಾತು ಬಂದರೆ "ಇಲ್ಲಿ ತಡೆದರೆ ಅಲ್ಲಿ ಏನಾಗುತ್ತದೆ?" ಅನ್ನುವುದೊಂದೇ ಪ್ರಶ್ನೆ ಸಾಕು. ಕಡಲತೀರದ ಮರಳು ನಿಂತಲ್ಲಿ ನಿಲ್ಲುವುದಿಲ್ಲ, ಅಲೆಯ ಜೊತೆ ದಂಡೆಗುಂಟ ಸಾಗುತ್ತಿರುತ್ತದೆ. ಅಡ್ಡ ಕಲ್ಲು ಹಾಕಿದರೆ ಒಂದು ಕಡೆ ಮರಳು ಗುಡ್ಡೆಯಾಗುತ್ತದೆ, ಇನ್ನೊಂದು ಕಡೆ ಮರಳು ಸಿಗದೆ ಕಡಲು ದಂಡೆಯನ್ನೇ ತಿನ್ನುತ್ತದೆ. ನಮ್ಮ ಹೊಳೆಯಲ್ಲೂ ಸುಮಾರು ಇದೇ ಕಥೆ. ಒಂದು ತಿರುವಿನಲ್ಲಿ ಗೋಡೆ ಕಟ್ಟಿದರೆ ನೀರಿನ ಹೊಡೆತ ಎದುರು ದಂಡೆಗೋ ಕೆಳಗಿನ ಊರಿಗೋ ಬೀಳಬಹುದು. ಕೆಳಗಿನ ಊರಿನವರು ಆ ಮೀಟಿಂಗಿನಲ್ಲಿ ಇರುವುದೇ ಇಲ್ಲ.

ನೀವೂ ಖಾಲಿ ಕೈಯಲ್ಲಿ ಹೋಗಬೇಡಿ. ಊರಿನ ಮುತ್ಯಾನನ್ನು ಕರೆದುಕೊಂಡು ಹೋಗಿ, ಯಾವ ವರ್ಷ ನೀರು ಎಲ್ಲಿಗೆ ಬಂದಿತ್ತು ಅಂತ ತೋರಿಸಲಿ. ನಮ್ಮಲ್ಲಿ ಹನುಮಪ್ಪನ ಗುಡಿ ಕಟ್ಟೆಗೆ ಕೆಸರಿನ ಗೆರೆ ಉಳಿದಿತ್ತು, ಮೂರನೇ ಮೆಟ್ಟಿಲಿಗಿಂತ ಒಂದು ಗೇಣು ಮೇಲೆ. ಜಾತ್ರೆ ಬಂತು ಅಂತ ಅದರ ಮೇಲೆ ಸುಣ್ಣ ಬಳಿದುಬಿಟ್ಟರು! ಅಂಥ ಗುರುತು ಕಂಡರೆ ತಕ್ಷಣ ಪಕ್ಕದಲ್ಲಿ ಟೇಪ್ ಹಿಡಿದು ಫೋಟೋ ತೆಗೆಯಿರಿ, ತಾರೀಖು ಬರೆದಿಡಿ. ಇಂಥದ್ದು ತಜ್ಞರಿಗೂ ಬೇಕು, ಅವರ ಕಂಪ್ಯೂಟರಿನಲ್ಲಿ ಸಿಗುವುದಿಲ್ಲ.

ಅವರಿಗೆ ಕೊಟ್ಟ ಕೆಲಸ ಏನು ಅನ್ನುವುದೂ ಮುಖ್ಯ. ಗೋಡೆ ಎಷ್ಟು ಎತ್ತರ ಇರಬೇಕು ಅಂತ ಮಾತ್ರ ಕೇಳಿದ್ದರೆ, ಗೋಡೆ ಬೇಕೋ ಬೇಡವೋ ಅಂತ ಅವರು ಹೇಳಿರುವುದಿಲ್ಲ. ಒಬ್ಬರೇ ಎಲ್ಲ ಬಲ್ಲವರೂ ಅಲ್ಲ. 2017ರ ಜೌಗುಭೂಮಿ ನಿಯಮದಲ್ಲಿ ರಾಜ್ಯ ಪ್ರಾಧಿಕಾರಕ್ಕೆ ಜೀವಪರಿಸರ, ಜಲವಿಜ್ಞಾನ, ಮೀನುಗಾರಿಕೆ, ಭೂದೃಶ್ಯ ಯೋಜನೆ, ಜನರ ಬದುಕು-ಆದಾಯ ಹೀಗೆ ಐದು ವಿಷಯಕ್ಕೆ ಐದು ತಜ್ಞರು ಬೇಕು ಅಂತಿದೆ.

ವರದಿ ಕೈಗೆ ಸಿಗದಿದ್ದರೆ ಆರ್‌ಟಿಐ ಹಾಕಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದ ಒಳಗೆ ಇರಬೇಕು, ಅದಕ್ಕೇ ಪುರಾಣ ಬರೆಯಬೇಡಿ.

ಠರಾವು ಬರೆಯುವಾಗ ಪಿಡಿಒ ಪಕ್ಕದಲ್ಲೇ ಕೂತು ಮೂರು ಸಾಲು ಬೇರೆ ಬೇರೆ ಬರೆಸಿ. ತಜ್ಞರು ಅಳೆದದ್ದು ಇದು, ಅವರ ಸಲಹೆ ಇದು, ನಾವು ತೀರ್ಮಾನಿಸಿದ್ದು ಇದು. ಸಲಹೆ ಬಿಟ್ಟು ಬೇರೆ ಮಾಡಿದ್ದರೆ ಅದಕ್ಕೆ ಕಾರಣವೂ ಇರಲಿ. ಬರೆದದ್ದು ಮುಗಿದ ಮೇಲೆ ಕೊನೆಯ ಸಾಲಿಗೂ ಸಹಿಗೂ ನಡುವೆ ಖಾಲಿ ಜಾಗ ಉಳಿದರೆ ಅಡ್ಡಗೆರೆ ಹೊಡೆದು, ಆಮೇಲೆ ಸಹಿ ಹಾಕಿ.